ತೊಗಲುಗೊಂಬೆಯಾಟದಲ್ಲಿ ಆಶುಸಂವಾದ

ಸುಭಟಕವಿಯ ‘ದೂತಾಂಗದ’ವು (13ನೆಯ ಶತಮಾನ) ತನ್ನನ್ನು ಛಾಯಾನಾಟಕವೆಂದು ಕರೆದುಕೊಳ್ಳುತ್ತದೆ. ಈ ಪದದ ಅರ್ಥದಲ್ಲಿ ವಿದ್ವಾಂಸರಿಗೆ ಏಕಮತವಿಲ್ಲ. ಹೇಗಾದರೂ ಅಲ್ಲಿಯ ಸಂವಾದವು ಕವಿಲಿಖಿತವಾದುದು. ಕನ್ನಡನಾಡಿನ ತೊಗಲುಗೊಂಬೆಯಾಟದ ರೀತಿಯು ಬೇರೆ.

ರಾಯಚೂರು, ದೇವದುರ್ಗ, ಮಾನ್ವಿಗಳಿರುವ ರಾಯಚೂರು ಜಿಲ್ಲೆಗೆ 1997ರವರೆಗೆ ಕೊಪ್ಪಳವೂ ಸೇರಿದ್ದಿತು. ಆ ಕೊಪ್ಪಳ ಸೀಮೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಈ ಕಲೆಗಾಗಿ 2025ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಹದಗೊಳಿಸಿದ ತೊಗಲಿನಲ್ಲಿ ರಾಮಾಯಣ ಭಾರತಗಳ ಪಾತ್ರಗಳನ್ನು ಕೊರೆದು, ಬಣ್ಣವಿಟ್ಟು, ದೀಪದ ಬೆಳಕಿನಲ್ಲಿ ಪರದೆಗೆ ಒತ್ತಿ ಆಡಿಸುವರು. ಕಥೆಯು ಪರಂಪರೆಯಿಂದ ನಿಯತವಾದುದು. ಆದರೆ ನಡುನಡುವೆ ಬರುವ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯಪಾತ್ರಗಳ ಮಾತಿಗೆ ಲಿಖಿತಪಾಠವಿಲ್ಲ. ಊರಿನ ಸಂಗತಿಗಳನ್ನೂ ಸಭೆಯ ರುಚಿಯನ್ನೂ ಅನುಸರಿಸಿ ಅದು ಆ ಕ್ಷಣದಲ್ಲಿಯೇ ಹುಟ್ಟುವುದು. ಇಲ್ಲಿ ಗೊಂಬೆಯನ್ನಾಡಿಸುವವನೇ ಕವಿಯು.

ಅಮೆರಿಕೆಯ ಜಾನ್ ಹಬ್ಲಿ, ಫೇತ್ ಹಬ್ಲಿ ದಂಪತಿಗಳು 1964ರಲ್ಲಿ ರಚಿಸಿದ ‘ದಿ ಹ್ಯಾಟ್’ ಎಂಬ ಚಲಿಸುವ ರೇಖಾಚಿತ್ರಗಳ ಕಿರುಚಿತ್ರವು ಹೋಲಿಕೆಗೆ ಯೋಗ್ಯವಾದುದು. ಗಡಿಯ ಕಾವಲುಗಾರರಿಬ್ಬರ ಸಂವಾದವನ್ನು ಅದರಲ್ಲಿ ಡಿಜಿ ಗಿಲೆಸ್ಪಿ, ಡಡ್ಲಿ ಮೂರ್ ಎಂಬ ಸಂಗೀತಗಾರರು ಆಶುವಾಗಿಯೇ ಆಡಿದರು. ಆದರೆ ಧ್ವನಿಮುದ್ರಿತವಾದೊಡನೆ ಆ ಮಾತು ಸ್ಥಿರವಾಯಿತು. ಗೊಂಬೆಯಾಟದಲ್ಲಿ ಬಿಂಬವೇ ಸ್ಥಿರ, ಮಾತು ಪ್ರತಿರಾತ್ರಿಯೂ ನೂತನ.

ಇದರಿಂದ ಸಿದ್ಧವಾಗುವುದೇನೆಂದರೆ, ಗೊಂಬೆಗಳನ್ನು ವಸ್ತುಸಂಗ್ರಹಾಲಯದಲ್ಲಿರಿಸಿ ಕಥೆಯ ಪದಗಳನ್ನು ಅಚ್ಚುಹಾಕಿಸಿದ ಮಾತ್ರಕ್ಕೆ ಈ ಕಲೆಯು ಉಳಿಯಲಾರದು. ಒಂದೇ ಪ್ರಸಂಗದ ಹಲವು ರಾತ್ರಿಗಳ ಮಾತನ್ನು ಧ್ವನಿಮುದ್ರಿಸಿ ಪಾಠಾಂತರಗಳಂತೆ ಹೋಲಿಸುವುದು ಸಾಹಿತ್ಯಚರಿತ್ರೆಯ ಕರ್ತವ್ಯವು. ಆಡುವವರ ಕಂಠವು ನಿಂತ ಬಳಿಕ ತೊಗಲು ಮಾತಾಡದು.