ಕಡೂರಿನ ಪಾಂಬಬ್ಬೆ

ಸಿರಿಯನ್ನೂ ಬಂಧುಬಳಗವನ್ನೂ ತೊರೆದು ನಿರ್ಜನಪ್ರದೇಶವನ್ನು ಆಶ್ರಯಿಸಿದ ಸ್ತ್ರೀಯರ ಚರಿತ್ರೆಯನ್ನು ಅರಸುವವರು ಸಾಮಾನ್ಯವಾಗಿ ಈಜಿಪ್ಟಿನ ಮರುಭೂಮಿಯ ಕಡೆಗೆ ದೃಷ್ಟಿ ಹಾಯಿಸುವರು. ಕ್ರಿಸ್ತಶಕ 4ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾ ನಗರದ ಸಿಂಕ್ಲೆಟಿಕಾ ಎಂಬ ಧನಿಕರ ಮಗಳು, ತಂದೆತಾಯಿಗಳ ತರುವಾಯ ಆಸ್ತಿಯನ್ನೆಲ್ಲ ಬಡವರಿಗೆ ಹಂಚಿ, ಕೇಶವನ್ನು ತೆಗೆಯಿಸಿ, ಊರ ಹೊರಗಣ ಸಮಾಧಿಯೊಂದರಲ್ಲಿ ನೆಲಸಿದಳು. ಇಂತಹ ತಪಸ್ವಿನಿಯರನ್ನು ಆ ನಾಡಿನವರು ಕರೆದ ಹೆಸರು 'ಅಮ್ಮ' ಎಂದು. ಈ ಮಾತು ನಮ್ಮ ಕಿವಿಗೆ ಪರಕೀಯವಲ್ಲ. ಈ ಬಗೆಯ ಬಾಳೂ ನಮ್ಮ ನಾಡಿಗೆ ಪರಕೀಯವಲ್ಲವೆಂಬುದಕ್ಕೆ ಕಡೂರಿನ ಕೋಟೆಯ ಕಂಬವೊಂದು ಸಾಕ್ಷಿಯಾಗಿರುವುದು.

ತರೀಕೆರೆ ಸೀಮೆಯವರು 1196ರಲ್ಲಿ ಕಟ್ಟಿದ ಅಮೃತಾಪುರದ ದೇವಾಲಯವನ್ನು ಹೆಮ್ಮೆಯಿಂದ ತೋರಿಸುವರು. ಅದು ಉಚಿತವೇ ಸರಿ. ಕಡೂರಿನ ಶಾಸನವು ಅದಕ್ಕಿಂತ 225 ವರ್ಷಗಳಷ್ಟು ಹಿಂದಿನದು. 1901ರಲ್ಲಿ ಬಿ. ಎಲ್. ರೈಸರು ಪ್ರಕಟಿಸಿದ ಕಡೂರು ಜಿಲ್ಲೆಯ ಶಾಸನಸಂಪುಟದಲ್ಲಿ ಈ ತಾಲ್ಲೂಕಿನ ಮೊದಲನೆಯ ಶಾಸನವೇ ಇದು. ಗಂಗರ ಬೂತುಗನ ಅಕ್ಕನೂ ಪಡಿಯರ ದೋರಪಯ್ಯನ ಪತ್ನಿಯೂ ಆದ ಪಾಂಬಬ್ಬೆಯು ತಲೆಗೂದಲನ್ನು ಕಿತ್ತು, ಮೂವತ್ತು ವರ್ಷ ತಪಸ್ಸು ಮಾಡಿ, ಐದು ವ್ರತಗಳನ್ನು ಪಾಲಿಸಿ, 971ರಲ್ಲಿ ದೇಹವಿಟ್ಟಳೆಂಬುದೇ ಅದರ ಸಾರ.

ಈ ಮೂವತ್ತು ವರ್ಷಗಳನ್ನು ವಾಚಕರು ಹಿಂದಕ್ಕೆ ಎಣಿಸಿ ನೋಡಬೇಕು. ಆಕೆ ಮನೆಯನ್ನು ಬಿಟ್ಟದ್ದು ಸುಮಾರು 941ರಲ್ಲಿ. ಎಂದರೆ ತಮ್ಮನ ಭಾಗ್ಯವು ಏರುತ್ತಿದ್ದ ಕಾಲದಲ್ಲಿ. 949ರ ತಕ್ಕೋಲದ ಯುದ್ಧದಲ್ಲಿ ಬೂತುಗನು ಚೋಳರ ರಾಜಾದಿತ್ಯನನ್ನು ಕೊಂದು, ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ವಿಶಾಲವಾದ ನಾಡುಗಳನ್ನು ಪಡೆದನು. ಆ ವಿಜಯದ ಸುದ್ದಿ ಬಂದಾಗ ಅಕ್ಕನು ಎಂಟು ವರ್ಷಗಳಿಂದ ಭಿಕ್ಷಾನ್ನವನ್ನು ಉಣ್ಣುತ್ತಿದ್ದಳು. ಆ ಕಾಲದ ಆತಕೂರಿನ ಕಲ್ಲು ತಕ್ಕೋಲದ ಕಥೆಯನ್ನು ಹೇಳುವುದಲ್ಲದೆ, ಹಂದಿಯೊಡನೆ ಹೋರಾಡಿ ಸತ್ತ 'ಕಾಳಿ' ಎಂಬ ನಾಯಿಯನ್ನೂ ಕೊಂಡಾಡುವುದು. ತಮ್ಮನ ಪರಾಕ್ರಮವನ್ನು ಬಲ್ಲವರೆಲ್ಲ ಆ ನಾಯಿಯನ್ನೂ ಬಲ್ಲರು. ಅಕ್ಕನನ್ನು ಬಲ್ಲವರು ವಿರಳ.

ಬೋಳಾದ ತಲೆಯೆಂದರೆ ನಮ್ಮ ಸಮಾಜದಲ್ಲಿ ಬಹುಕಾಲ ಒಂದೇ ಅರ್ಥವಿದ್ದಿತು. ವಿಧವೆಯಾದವಳ ಕೇಶವನ್ನು ಪರರು ತೆಗೆಯಿಸುತ್ತಿದ್ದರು. ಅವಳ ಒಪ್ಪಿಗೆಯನ್ನು ಕೇಳುವವರಿರಲಿಲ್ಲ. ಜೈನ ಕಂತಿಯರ ಕೇಶಲೋಚವು ಇದಕ್ಕೆ ತೀರ ವಿರುದ್ಧವಾದುದು. ಅಲ್ಲಿ ಕತ್ತಿಯಿಲ್ಲ, ನಾವಿದನಿಲ್ಲ. ಕೂದಲನ್ನು ಕೈಯಿಂದಲೇ ಕಿತ್ತುಕೊಳ್ಳಬೇಕು. ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ಅದನ್ನು ಮತ್ತೆ ಮಾಡಬೇಕೆಂಬುದು ನಿಯಮ. ಆ ಲೆಕ್ಕದಿಂದ ಮೂವತ್ತು ವರ್ಷಗಳಲ್ಲಿ ಕಡಮೆಯೆಂದರೂ ತೊಂಬತ್ತು ಸಲ. ಒಮ್ಮೆ ಮನೆಯನ್ನು ಬಿಡುವುದಕ್ಕೆ ಆವೇಶವೊಂದೇ ಸಾಕಾದೀತು. ತೊಂಬತ್ತು ಸಲ ಅದೇ ನಿಶ್ಚಯವನ್ನು ನೋವಿನೊಡನೆ ಮರಳಿ ಕೈಕೊಳ್ಳುವುದಕ್ಕೆ ಆವೇಶವು ಸಾಲದು.

ಆಕೆ ಒಂಟಿಯಾಗಿ ಅಲೆದವಳೂ ಅಲ್ಲ. ನಾಣಬ್ಬೆ ಕಂತಿಯೆಂಬ ಸ್ತ್ರೀಯೇ ಆಕೆಯ ಗುರು. ಆ ಹಾದಿಯು ಅದಕ್ಕೂ ಹಳೆಯದು: ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ, ಸುಮಾರು 700ರ ವೇಳೆಗೇ, ಮೂರು ತಿಂಗಳ ವ್ರತದಿಂದ ಮುಡಿಪಿದ ನಾಗಮತಿ ಗಂತಿಯರ ಹೆಸರನ್ನು ಬಂಡೆಯಲ್ಲಿ ಕೆತ್ತಿದ್ದಾರೆ. ಪಾಂಬಬ್ಬೆಯ ಅನಂತರ 12ನೆಯ ಶತಮಾನದಲ್ಲಿ ಉಡುತಡಿಯ ಮಹಾದೇವಿಯಕ್ಕನು ಬೇರೊಂದು ಧರ್ಮದ ಬೆಳಕಿನಲ್ಲಿ ಕಲ್ಯಾಣಕ್ಕೂ ಶ್ರೀಶೈಲದ ಕದಳಿಗೂ ನಡೆದಳು. ಇವರು ಕಟ್ಟುಪಾಡುಗಳಿಗೆ ಅಂಜಿ ಓಡಿದವರಲ್ಲ. ಲೋಕವು ವಿಧಿಸಿದ ಕಟ್ಟನ್ನು ಬಿಟ್ಟು, ಅದಕ್ಕಿಂತ ಕಠಿನವಾದ ಕಟ್ಟನ್ನು ತಾವೇ ಆರಿಸಿಕೊಂಡವರು.

ನಮ್ಮಲ್ಲಿ ಮರಳುಗಾಡಿಲ್ಲ. ಆದರೆ ಮಲೆನಾಡಿನ ಮಳೆಯು ಬಾಬಾಬುಡನ್ ಗಿರಿಯ ಆಚೆಗೇ ಬಹುಮಟ್ಟಿಗೆ ಸುರಿದುಹೋಗುವುದರಿಂದ, ಕಡೂರು ಅಜ್ಜಂಪುರಗಳ ಬಯಲು ಕೆರೆಯ ನೀರನ್ನು ನಂಬಿ ಬಾಳಬೇಕಾಗಿದೆ. ಆ ಒಣನೆಲದ ಕಂಬವೊಂದು ಸ್ತ್ರೀಯೊಬ್ಬಳನ್ನು ಅಣ್ಣತಮ್ಮಂದಿರ ಹೆಸರಿನಿಂದ ಪರಿಚಯಿಸಿ, ಅವಳ ಸ್ವಂತ ವರ್ಷಗಳಿಂದ ಅಳೆದಿದೆ. ಜಿಲ್ಲೆಯ ಚರಿತ್ರೆಯನ್ನು ಮಕ್ಕಳಿಗೆ ಬೋಧಿಸುವ ಉಪಾಧ್ಯಾಯರು ಪಾಳೆಯಗಾರರ ಹೆಸರುಗಳ ಜೊತೆಗೆ ಈ ಹೆಸರನ್ನೂ ಹೇಳಿಕೊಡಲಿ.