ಎಣ್ಣೆಯನ್ನ ಕಾಯೋರು ಯಾರು? ಹುಚ್ಚೆಳ್ಳಿನ ಗಾಣದಿಂದ ಪಾಕೀಟಿನವರೆಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಎಲ್ಲಿ ಹೋದ್ರೂ ಈಗ ‘ಗಾಣದ ಎಣ್ಣೆ’ ಬೋರ್ಡು ಕಾಣ್ತವೆ. ನಮ್ಮಲ್ಲೇ ಕೆಲವರು ಸ್ವಂತ ಕಡ್ಲೆಕಾಯಿ ಆಡಿಸಿ ಮಾರ್ತಿದ್ದೀರಿ. ಒಳ್ಳೇದೇ. ಗಿರಾಕಿ ಕೇಳೋದು ಎರಡೇ ಮಾತು. ಇದು ಎಷ್ಟು ದಿನ ಕೆಡದೆ ಇರುತ್ತೆ? ಪಾಕೀಟಿನ ಎಣ್ಣೆಗಿಂತ ಇದರಲ್ಲೇನು ಹೆಚ್ಚು? ಎರಡಕ್ಕೂ ಉತ್ತರ ನಮ್ಮ ಹೊಲಗಳ ಇನ್ನೂರು ವರ್ಷದ ಚರಿತ್ರೆಯಲ್ಲಿದೆ. ಬರಹ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

1799ರಲ್ಲಿ ಟಿಪ್ಪು ಸತ್ತ ಮೇಲೆ ಕಂಪನಿ ಸರ್ಕಾರ ಈ ಸೀಮೆಯಲ್ಲಿ ಏನೇನು ಬೆಳೆಯುತ್ತೆ ನೋಡ್ಕೊಂಡು ಬಾ ಅಂತ ಫ್ರಾನ್ಸಿಸ್ ಬುಕನನ್ ಅನ್ನೋ ಡಾಕ್ಟರನ್ನ ಕಳಿಸಿತು. 1800ರಲ್ಲಿ ಆತ ಮಧುಗಿರಿ, ಶಿರಾ ಮೇಲೆ ಹಾದುಹೋದ. ಅವನ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮೈಸೂರು ಸೀಮೆಯ ಖುಷ್ಕಿ ಬೆಳೆಗಳಲ್ಲಿ ಆತ ಬರೆದ ಎಣ್ಣೆಕಾಳುಗಳು ಹುಚ್ಚೆಳ್ಳು, ಎಳ್ಳು, ಹರಳು. ಇವತ್ತಿಗೂ ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಇವನ್ನು ಕಾಣಬಹುದು. ಆಗ ಊಟಕ್ಕೆ ಹುಚ್ಚೆಳ್ಳೆಣ್ಣೆ, ದೀಪಕ್ಕೆ ಹರಳು, ಹೊಂಗೆ.

ಹುಚ್ಚೆಳ್ಳು ಚಟ್ನಿಪುಡಿಯನ್ನ ನಮ್ಮ ಮನೆ ಹೆಂಗಸರು ಯಾವತ್ತೂ ಸ್ವಲ್ಪ ಸ್ವಲ್ಪವೇ ಕುಟ್ಟೋದು. ಜಾಸ್ತಿ ದಿನ ಇಟ್ಟರೆ ಕಮಟು ವಾಸನೆ. ಕಾರಣ ಇಷ್ಟೇ. ಆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಲಿನೊಲಿಯಿಕ್ ಅನ್ನೋ ಕೊಬ್ಬಿನಾಮ್ಲ. ಗಾಳಿಯ ಆಮ್ಲಜನಕ ಅದಕ್ಕೆ ಬೇಗ ಅಂಟುತ್ತೆ. ಓಲಿಯಿಕ್ ಅನ್ನೋ ಇನ್ನೊಂದು ಕೊಬ್ಬಿನಾಮ್ಲಕ್ಕೆ ಹೋಲಿಸಿದರೆ ಇದು ಕೆಡೋ ವೇಗ ಸುಮಾರು ಹತ್ತು ಪಟ್ಟು. ಒಂದು ಬಣವೆಗೆ ಹತ್ತಿದ ಬೆಂಕಿ ಪಕ್ಕದ ಬಣವೆಗೆ ಹಾರಿದ ಹಾಗೆ, ಕೆಟ್ಟ ಒಂದು ಕಣ ಪಕ್ಕದ್ದನ್ನೂ ಕೆಡಿಸುತ್ತೆ. ಗಿಡ ಇದಕ್ಕೆ ತಾನೇ ಕಾವಲು ಇಟ್ಟಿರುತ್ತೆ. ವಿಟಮಿನ್ ಇ ಗುಂಪಿನ ಟೊಕೊಫೆರಾಲ್ ಅಂಥ ಒಂದು ಕಾವಲು, ಆ ಬೆಂಕಿಗೆ ತಾನು ಸುಟ್ಟುಕೊಂಡು ಎಣ್ಣೆ ಉಳಿಸುತ್ತೆ. ಇಂಥವನ್ನೇ ಆ್ಯಂಟಿ ಆಕ್ಸಿಡೆಂಟ್ ಅನ್ನೋದು. ಕಾಳು ಒಡೆಯದೆ ಇರೋವರೆಗೂ ಕಾವಲು ಭದ್ರ. ಹಿಂದಿನವರು ಕಾಳನ್ನೇ ಇಟ್ಟುಕೊಂಡು, ಬೇಕಾದಷ್ಟೇ ಗಾಣಕ್ಕೆ ಹಾಕ್ತಿದ್ದ ಲೆಕ್ಕ ಇದೇ.

ಕಡ್ಲೆಕಾಯಿ ಮೂಲ ದಕ್ಷಿಣ ಅಮೆರಿಕ. ನಮ್ಮ ಕಡೆ ಅದು ಹೊಲ ತುಂಬಿದ್ದು ತಡವಾಗಿ. ಹತ್ತೊಂಬತ್ತನೇ ಶತಮಾನದಲ್ಲಿ ಮದರಾಸು ಸೀಮೆಯ ದಕ್ಷಿಣ ಆರ್ಕಾಟಿನಿಂದ ಪಾಂಡಿಚೇರಿ ಮೂಲಕ ಫ್ರಾನ್ಸಿನ ಮಾರ್ಸೇಗೆ ಹಡಗುಗಟ್ಟಲೆ ಕಾಯಿ ಹೋಗ್ತಿತ್ತು, ಅಲ್ಲಿನ ಎಣ್ಣೆ, ಸಾಬೂನು ಕಾರ್ಖಾನೆಗಳಿಗೆ. ಆ ವ್ಯಾಪಾರದ ಜೊತೆ ಬೆಳೆಯೂ ಕೆಂಪು ಮಣ್ಣು ಹುಡುಕ್ಕೊಂಡು ಹಬ್ಬಿತು. 1940ರಲ್ಲಿ ತಮಿಳುನಾಡಿನ ತಿಂಡಿವನಂನಿಂದ ಬಂದ ಟಿಎಂವಿ-2 ತಳಿ ಪಾವಗಡ, ಅನಂತಪುರ ಕಡೆ ಅಜ್ಜನಿಂದ ಮೊಮ್ಮಗನಿಗೆ ಬಂದ ಆಸ್ತಿ ಥರ ಉಳಿದುಬಿಟ್ಟಿದೆ.

1937ರಲ್ಲಿ ಡಾಲ್ಡಾ ಬಂತು. ಕಡ್ಲೆಕಾಯಿ ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿ ಮಾಡಿದ ವನಸ್ಪತಿ. ಜಲಜನಕ ಕೂಡಿದ ಕಡೆ ಆಮ್ಲಜನಕಕ್ಕೆ ಜಾಗ ಇಲ್ಲ, ಹಾಗಾಗಿ ತಿಂಗಳುಗಟ್ಟಲೆ ಕೆಡಲ್ಲ. ಅದರಲ್ಲಿ ಹುಟ್ಟೋ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದು ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಈ ವನಸ್ಪತಿಯನ್ನ ತುಪ್ಪಕ್ಕೆ ಬೆರೆಸೋರು ಹೆಚ್ಚಿದಾಗ ಸರ್ಕಾರ ಒಂದು ಉಪಾಯ ಮಾಡಿತು. ವನಸ್ಪತಿಗೆ ನೂರಕ್ಕೆ 5 ಭಾಗ ಎಳ್ಳೆಣ್ಣೆ ಸೇರಿಸಲೇಬೇಕು ಅಂತ ಕಾನೂನು ಬಂತು. ಯಾಕೆ ಎಳ್ಳು? ಎಳ್ಳೆಣ್ಣೆಯಲ್ಲಿ ಮಾತ್ರ ಸಿಗೋ ಸೆಸಮಾಲ್ ವರ್ಗದ ಪದಾರ್ಥ ಹೈಡ್ರೋಕ್ಲೋರಿಕ್ ಆಮ್ಲ, ಫರ್‌ಫ್ಯೂರಾಲ್ ಜೊತೆ ಸೇರಿದರೆ ಕೆಂಪಗಾಗುತ್ತೆ. ತುಪ್ಪ ಕೆಂಪಾದ್ರೆ ಕಲಬೆರಕೆ. ಇದಕ್ಕೆ ಬೊಡೂಯಿನ್ ಪರೀಕ್ಷೆ ಅಂತಾರೆ. ಸೆಸಮಾಲ್ ಒಳ್ಳೇ ಆ್ಯಂಟಿ ಆಕ್ಸಿಡೆಂಟ್ ಕೂಡ. ಎಳ್ಳೆಣ್ಣೆ ಉಳಿದ ಎಣ್ಣೆಗಳಿಗಿಂತ ತಡವಾಗಿ ಕಮಟಾಗೋದಕ್ಕೆ ಅದೇ ಮುಖ್ಯ ಕಾರಣ. ಎಣ್ಣೆ ಕಾಯೋ ಪದಾರ್ಥವೇ ಕಳ್ಳನನ್ನೂ ಹಿಡಿದುಕೊಡ್ತಿತ್ತು!

1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಸಿಎಫ್‌ಟಿಆರ್‌ಐ ಶುರುವಾಯ್ತು. ಕಡ್ಲೆಕಾಯಿ ಹಿಟ್ಟು ಮುಕ್ಕಾಲು, ಹುರಿಗಡಲೆ ಹಿಟ್ಟು ಕಾಲು ಸೇರಿಸಿ ಬಡ ಮಕ್ಕಳಿಗೆ ಪೌಷ್ಟಿಕ ಆಹಾರ ಮಾಡಿದ್ದು ಅಲ್ಲೇ. ಅಷ್ಟರಲ್ಲಿ 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಹುಡುಕಿದರೆ, ಬ್ರೆಜಿಲ್‌ನಿಂದ ಬಂದ ಕಡ್ಲೆಕಾಯಿ ಹಿಂಡಿಯಲ್ಲಿ ಬೂಷ್ಟಿನ ವಿಷ. ಅದೇ ಅಫ್ಲಾಟಾಕ್ಸಿನ್. ಕಡ್ಲೆಕಾಯಿ ಬೆಳೆಯೋ ಪ್ರತಿಯೊಬ್ಬನೂ ಈ ಹೆಸರು ನೆನಪಿಟ್ಟುಕೊಳ್ಳಬೇಕು. ಯಾಕೆ ಅಂತ ಕೊನೆಗೆ ಹೇಳ್ತೀನಿ.

1984ರಲ್ಲಿ ನಮ್ಮ ರಾಜ್ಯದಲ್ಲಿ ಎಣ್ಣೆಬೀಜ ಬೆಳೆಗಾರರ ಮಹಾಮಂಡಳ, 1986ರಲ್ಲಿ ದೇಶಕ್ಕೆ ಎಣ್ಣೆಬೀಜ ಮಿಷನ್. ಸ್ವಲ್ಪ ವರ್ಷ ಹಳದಿ ಕಾಂತಿ. 1994ರಲ್ಲಿ ಖಾಸಗಿಯವರಿಗೆ ಪಾಮಾಯಿಲ್ ಆಮದಿಗೆ ಬಾಗಿಲು ತೆರೆದರು, ಆಮೇಲೆ ಸುಂಕವನ್ನೂ ಇಳಿಸಿದರು. ಅಗ್ಗದ ರಿಫೈನ್ಡ್ ಎಣ್ಣೆ ಮನೆ ಮನೆಗೆ ಬಂತು, ಊರ ಗಾಣಗಳು ಮೂಲೆ ಸೇರಿದವು. ಮಳೆಯೂ ಕೈಕೊಟ್ಟಿತು. ಪಾವಗಡದಲ್ಲಿ 13,000 ಎಕರೆಗೆ ಈಗ ಸೋಲಾರ್ ಪ್ಲೇಟು.

ರಿಫೈನರಿಯಲ್ಲಿ ಏನಾಗುತ್ತೆ? ಕ್ಷಾರ ಹಾಕಿ ತೊಳೀತಾರೆ, ಬಣ್ಣ ತೆಗೀತಾರೆ, 200 ಡಿಗ್ರಿ ಮೀರಿದ ಕಾವಿನಲ್ಲಿ ವಾಸನೆ ತೆಗೀತಾರೆ. ಟೊಕೊಫೆರಾಲ್‌ನಲ್ಲಿ ಒಂದು ಪಾಲೂ ಅದರ ಜೊತೆ ಹೋಗುತ್ತೆ. ಆ ಕಾವಲಿನ ಜಾಗಕ್ಕೆ ಎಷ್ಟೋ ಕಂಪನಿಗಳು ಟಿಬಿಎಚ್‌ಕ್ಯೂ ಸೇರಿಸ್ತವೆ. ಪಾಕೀಟಿನ ಹಿಂದೆ 319 ಅಂತ ನಂಬರು ಇದ್ರೆ ಅದೇ. ಕೆಜಿಗೆ 200 ಮಿಲಿಗ್ರಾಂ ಮೀರಬಾರದು ಅಂತ ನಿಯಮ ಇದೆ.

ಹಾಗಾದ್ರೆ ಗಾಣದ್ದೇ ಸರಿ ಅಂತೀರಾ? ಅರ್ಧ ಸರಿ. ಕಾವಲು ಉಳಿಯೋದು ನಿಜ. ಆದ್ರೆ ರಿಫೈನರಿಯ ಕ್ಷಾರ ಅಫ್ಲಾಟಾಕ್ಸಿನ್ ಅನ್ನೂ ತೆಗೆಯುತ್ತೆ, ಗಾಣ ತೆಗೆಯಲ್ಲ. ಒಗ್ಗರಣೆ ಕಾವಿಗೂ ಅದು ಪೂರ್ತಿ ಸಾಯಲ್ಲ. ಹೆಚ್ಚು ಪಾಲು ಹಿಂಡಿಗೆ ಹೋಗುತ್ತೆ, ಹಿಂಡಿ ಹಸುವಿಗೆ, ಅಲ್ಲಿಂದ ಹಾಲಿಗೆ, ಹಾಲು ನಮ್ಮ ಮಕ್ಕಳಿಗೆ. ಟೊಕೊಫೆರಾಲ್ ಎಣ್ಣೆ ಕಮಟಾಗೋದನ್ನ ತಡೆದೀತು, ಬೂಷ್ಟಿನ ವಿಷವನ್ನ ತಡೆಯಲ್ಲ. ಆ ಕಾವಲು ಕೆಲಸ ನಮ್ಮದು. ನಮ್ಮ ಕಡೆ ಕಾಯಿ ಕಟ್ಟೋ ಹೊತ್ತಿಗೆ ಮಳೆ ಹೋಗೋದು ಮಾಮೂಲು, ಬೂಷ್ಟು ಭೂಮಿಯಲ್ಲೇ ಕಾಯಿಗೆ ಹತ್ತೋದು ಅಂಥ ಬರದಲ್ಲೇ.

ಅದಕ್ಕೆ ಈ ಸುಗ್ಗಿಗೆ ಇಷ್ಟು ಮಾಡೋಣ. ಕಿತ್ತ ಗಿಡವನ್ನ ಕಾಯಿ ಮೇಲೆ ಬರೋ ಹಾಗೆ ಬುಡಮೇಲು ಮಾಡಿ ಒಣಗಿಸಿ. ಕಾಯಿಯ ತೇವ ನೂರಕ್ಕೆ 8ಕ್ಕೆ ಇಳಿಯೋವರೆಗೂ ಚೀಲಕ್ಕೆ ತುಂಬಬೇಡಿ. ಅಲುಗಾಡಿಸಿದ್ರೆ ಬೀಜ ಗಲಗಲ ಅನ್ನಬೇಕು. ಸುಲಿಯೋಕೆ ಸುಲಭ ಅಂತ ನೀರು ಚಿಮುಕಿಸಬೇಡಿ. ಗಾಣಕ್ಕೆ ಹಾಕೋ ಮುಂಚೆ ಮುರುಟಿದ್ದು, ಬಣ್ಣ ಕೆಟ್ಟಿದ್ದು, ಬೂಷ್ಟು ಹಿಡಿದಿದ್ದು ಆರಿಸಿ ಎಸೀರಿ, ಹಸುವಿಗೂ ಹಾಕಬೇಡಿ. ಎಣ್ಣೆ ಸ್ವಲ್ಪ ಸ್ವಲ್ಪವೇ ಆಡಿಸಿ, ಬಿಸಿಲು ಬೀಳದ ಕಡೆ ಸ್ಟೀಲ್ ಡಬ್ಬದಲ್ಲಿ ತುಂಬ ಇಡಿ, ಗಾಳಿಗೆ ಜಾಗ ಬಿಡಬೇಡಿ.

ಜುನಾಗಢದ ಕಡಲೆಕಾಯಿ ಸಂಶೋಧನಾ ಸಂಸ್ಥೆಯವರು 2020ರಲ್ಲಿ ಗಿರ್ನಾರ್-4, ಗಿರ್ನಾರ್-5 ಅನ್ನೋ ತಳಿ ಬಿಟ್ಟಿದ್ದಾರೆ. ಎಣ್ಣೆಯಲ್ಲಿ ನೂರಕ್ಕೆ 80ರಷ್ಟು ಓಲಿಯಿಕ್, ಅಂದ್ರೆ ಬೇಗ ಕಮಟಾಗಲ್ಲ. ನಮ್ಮ ಮಳೆಗೆ ಟಿಎಂವಿ-2 ಪಕ್ಕ ನಿಲ್ಲುತ್ತಾ? ಯಾರಾದ್ರೂ ಹಾಕಿ ನೋಡಿದ್ರೆ ಇಳುವರಿ ಎಷ್ಟು ಬಂತು ಅಂತ ಕೆಳಗೆ ಬರೀರಿ, ಎಲ್ಲರಿಗೂ ಉಪಯೋಗ ಆಗುತ್ತೆ.