ಚಂದಾ, ರುಜು ಮತ್ತು ಒಂದು ಕಥೆ

ಕನ್ನಡದಲ್ಲಿ ಚಂದಾ ಎಂದರೆ ಮೊದಲು ನೆನಪಾಗುವುದು ಪತ್ರಿಕೆಗೆ ಕಟ್ಟುವ ಹಣ. ಉರ್ದುವಿನಲ್ಲಿ ಅದೇ ಚಂದಾ ಎಂದರೆ ಒಳ್ಳೆಯ ಕೆಲಸಕ್ಕೆಂದು ಹತ್ತು ಜನ ಕೂಡಿ ಕೊಡುವ ಹಣ. ಅನಾಥಾಲಯಕ್ಕೆ, ಬಡ ಹುಡುಗಿಯ ಮದುವೆಗೆ, ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ. ಎರಡೂ ಭಾಷೆಗಳಲ್ಲಿ ಅಕ್ಷರ ಕಲಿತ ನಮ್ಮಂಥವರಿಗೆ ಈ ಎರಡು ಅರ್ಥಗಳ ನಡುವೆ ದೊಡ್ಡ ದೂರ ಕಾಣುವುದಿಲ್ಲ. ಸಣ್ಣ ಪತ್ರಿಕೆಯ ಚಂದಾದಾರ ಅರ್ಧ ಓದುಗ, ಅರ್ಧ ದಾನಿ.

ಆದರೂ ಕಥೆ ಮತ್ತು ದಾನ ಒಂದೇ ರಟ್ಟಿನೊಳಗೆ ಬಂದಾಗ ಸಾಹಿತ್ಯವಲಯ ಮುಖ ಸಿಂಡರಿಸುತ್ತದೆ. ಸಹಾಯನಿಧಿಗಾಗಿ ಹೊರಡಿಸುವ ಕಥಾಸಂಕಲನಗಳ ಮೇಲೆ ಎರಡು ಆರೋಪಗಳಿವೆ. ಕಥೆಗಾರರು ಅವುಗಳಿಗೆ ತಮ್ಮ ಒಳ್ಳೆಯ ಕಥೆ ಕೊಡುವುದಿಲ್ಲ ಎಂಬುದು ಒಂದು. ಕೊಳ್ಳುವವರು ಪುಣ್ಯಕ್ಕಾಗಿ ಕೊಳ್ಳುತ್ತಾರೆಯೇ ಹೊರತು ಓದುವುದಕ್ಕಲ್ಲ ಎಂಬುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಇದಕ್ಕಿಂತ ದೊಡ್ಡದೊಂದು ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ಯಾರಿಗಾಗಿ ಹಣ ಎತ್ತುತ್ತಿದ್ದೇವೆಯೋ ಅವರ ಬರಹ ಆ ಪುಸ್ತಕದಲ್ಲಿ ಇದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನೂರೆಪ್ಪತ್ತು ವರ್ಷಗಳ ಹಿಂದಿನ ಅಮೆರಿಕಕ್ಕೆ ಹೋಗಬೇಕು.

ಹಬ್ಬದ ಉಡುಗೊರೆ

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದ ಅನುಕೂಲಸ್ಥರ ಮನೆಗಳಲ್ಲಿ ಒಂದು ರೂಢಿಯಿತ್ತು. ಕ್ರಿಸ್‌ಮಸ್ ಮತ್ತು ಹೊಸ ವರ್ಷಕ್ಕೆ ಚೆಂದದ ರಟ್ಟು ಹಾಕಿದ, ಕಥೆ ಕವಿತೆ ತುಂಬಿದ ಪುಸ್ತಕವನ್ನು ಬಂಧುಮಿತ್ರರಿಗೆ ಉಡುಗೊರೆ ಕೊಡುತ್ತಿದ್ದರು. ಇವು ವರ್ಷಕ್ಕೊಮ್ಮೆ ಬರುತ್ತಿದ್ದವು. ನಮ್ಮ ದೀಪಾವಳಿ ವಿಶೇಷಾಂಕಗಳನ್ನು ನೆನೆದರೆ ಅವುಗಳ ಸ್ವರೂಪ ತಿಳಿಯುತ್ತದೆ.

ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಬಾಸ್ಟನ್ನಿನ ಮಹಿಳೆಯರು ಈ ರೂಢಿಯನ್ನು ತಮ್ಮ ಕೆಲಸಕ್ಕೆ ಬಳಸಿಕೊಂಡರು. 1834ರಿಂದ ಅವರು ಪ್ರತಿವರ್ಷ ಒಂದು ಮೇಳ ನಡೆಸುತ್ತಿದ್ದರು. ಕೈಯಿಂದ ಹೊಲಿದ, ಹೆಣೆದ ವಸ್ತುಗಳನ್ನು ಅಲ್ಲಿ ಮಾರಿ ಬಂದ ಹಣ ಚಳವಳಿಗೆ ಸಲ್ಲುತ್ತಿತ್ತು. 1839ರಲ್ಲಿ ಮರಿಯಾ ವೆಸ್ಟನ್ ಚಾಪ್‌ಮನ್ ಎಂಬಾಕೆ ಆ ಮೇಳಕ್ಕೊಂದು ಉಡುಗೊರೆ ಪುಸ್ತಕ ಸಿದ್ಧಪಡಿಸಿದರು. ಹೆಸರು 'ದಿ ಲಿಬರ್ಟಿ ಬೆಲ್'. ಫಿಲಡೆಲ್ಫಿಯಾದ ಪ್ರಸಿದ್ಧ ಗಂಟೆಗೆ ಸ್ವಾತಂತ್ರ್ಯದ ಗಂಟೆ ಎಂಬ ಹೆಸರನ್ನು ಜನರ ಬಾಯಲ್ಲಿ ಉಳಿಸಿದವರೂ ಈ ಗುಲಾಮಗಿರಿ ವಿರೋಧಿಗಳೇ. 1858ರವರೆಗೆ ಅದರ ಹದಿನೈದು ಸಂಪುಟಗಳು ಬಂದವು. ಕವಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್ ಓಡಿಹೋದ ಗುಲಾಮ ಹೆಂಗಸೊಬ್ಬಳ ಬಗ್ಗೆ ಬರೆದ ಕವಿತೆ ಮೊದಲು ಅಚ್ಚಾದದ್ದು 1848ರ ಸಂಪುಟದಲ್ಲಿ. ಬರೆದವರಿಗೆ ಸಂಭಾವನೆಯಿಲ್ಲ. ಕೊಂಡವರ ಹಣ ನಿಧಿಗೆ.

ಒಳ್ಳೆಯ ಕೆಲಸವೇ. ಆದರೆ ಆ ಸಂಪುಟಗಳಲ್ಲಿ ಬರೆದವರಲ್ಲಿ ಬಹುಪಾಲು ಜನ ಬಿಳಿಯರು. ಗುಲಾಮ ಅಲ್ಲಿ ಹೆಚ್ಚಾಗಿ ಕವಿತೆಯ ವಸ್ತು. ಕಣ್ಣೀರು ತರಿಸುವವನು, ಕೈಯೊಡ್ಡುವವನು. ಅವನೇ ಲೇಖನಿ ಹಿಡಿದರೆ ಏನಾಗುತ್ತದೆ ಎಂಬುದು ಗೊತ್ತಾಗಲು ಇನ್ನೊಂದು ಊರು ಬೇಕಾಯಿತು.

ರಾಚೆಸ್ಟರಿನ ಸಣ್ಣ ಅಚ್ಚುಕೂಟ

ಫ್ರೆಡರಿಕ್ ಡಗ್ಲಸ್ ಹುಟ್ಟಿದ್ದು ಮೇರಿಲ್ಯಾಂಡಿನಲ್ಲಿ, ಗುಲಾಮನಾಗಿ. ಬಾಲ್ಟಿಮೋರಿನಲ್ಲಿ ಯಜಮಾನನ ಹೆಂಡತಿ ಅವನಿಗೆ ಅಕ್ಷರ ಕಲಿಸತೊಡಗಿದಾಗ ಯಜಮಾನ ತಡೆದ. ಓದು ಕಲಿತ ಗುಲಾಮ ಕೈಗೆ ಸಿಗುವುದಿಲ್ಲ ಎಂಬುದು ಅವನ ವಾದ. ಆ ಮಾತಿನಿಂದಲೇ ಓದಿನ ಬೆಲೆ ಏನೆಂದು ಹುಡುಗನಿಗೆ ತಿಳಿಯಿತು. 1838ರಲ್ಲಿ ಆತ ಉತ್ತರದ ಕಡೆ ತಪ್ಪಿಸಿಕೊಂಡು ಬಂದ. ಹಿಡಿಯಲು ಬರುವವರ ಕಣ್ಣು ತಪ್ಪಿಸಲು ಹುಟ್ಟುಹೆಸರು ಬೈಲಿಯನ್ನು ಬಿಟ್ಟು ಡಗ್ಲಸ್ ಎಂದಾದ. ಅಂದರೆ ಮುಂದೆ ಆತ ಹಾಕಿದ ಪ್ರತಿಯೊಂದು ರುಜುವೂ ತಪ್ಪಿಸಿಕೊಂಡು ಬಂದ ಮೇಲೆ ಪಡೆದ ಹೆಸರಿನದು.

1845ರಲ್ಲಿ ಬಾಸ್ಟನ್ನಿನಲ್ಲಿ ಅವರ ಆತ್ಮಕಥೆ ಪ್ರಕಟವಾಯಿತು. ಅದರ ಮೊದಲ ಪುಟಗಳಲ್ಲಿ ಇಬ್ಬರು ಬಿಳಿಯ ನಾಯಕರ ಬರಹಗಳಿವೆ. ಇದನ್ನು ಬರೆದವನು ಈತನೇ, ಈತ ಹೇಳುತ್ತಿರುವುದು ನಿಜ ಎಂಬ ಜಾಮೀನು ಅದು. ಜಾಮೀನಿಲ್ಲದೆ ಕಪ್ಪು ಮನುಷ್ಯನ ಮಾತನ್ನು ನಂಬದ ಕಾಲ. ಪುಸ್ತಕ ಪ್ರಸಿದ್ಧವಾದಂತೆ ಹಿಡಿದೊಯ್ಯುವವರ ಭಯವೂ ಹೆಚ್ಚಿ, ಅವರು ಬ್ರಿಟನ್ನಿಗೆ ಹೋಗಬೇಕಾಯಿತು. ಅಲ್ಲಿನ ಗೆಳೆಯರು ಚಂದಾ ಎತ್ತಿ 1846ರಲ್ಲಿ 150 ಪೌಂಡ್ ಕೊಟ್ಟು ಯಜಮಾನನಿಂದ ಅವರನ್ನು ಬಿಡಿಸಿದರು. ಇದು ಗುಲಾಮರ ವ್ಯಾಪಾರವನ್ನು ಒಪ್ಪಿಕೊಂಡಂತೆ ಎಂದು ಅಮೆರಿಕದ ಕೆಲವು ಸಂಗಾತಿಗಳೇ ಟೀಕಿಸಿದರು. ಸಿದ್ಧಾಂತ ಅವರದು, ಮೈಮೇಲಿನ ಸಂಕೋಲೆ ಇವರದು. ಡಗ್ಲಸ್ ಆ ಹಣವನ್ನು ಸ್ವೀಕರಿಸಿದರು.

ಅದೇ ಗೆಳೆಯರು ಪತ್ರಿಕೆ ನಡೆಸಲೆಂದು ಎರಡು ಸಾವಿರ ಡಾಲರ್ ಮೀರಿದ ಮೊತ್ತವನ್ನೂ ಕೂಡಿಸಿಕೊಟ್ಟರು. ಬಾಸ್ಟನ್ನಿನ ಹಿರಿಯರಿಗೆ ಇದು ಹಿಡಿಸಲಿಲ್ಲ. ನೀನು ಒಳ್ಳೆಯ ಭಾಷಣಕಾರ, ಪತ್ರಿಕೆ ನಿನಗೇಕೆ ಎಂದರು. ಡಗ್ಲಸ್ ಬಾಸ್ಟನ್ನನ್ನು ಬಿಟ್ಟು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರಿಗೆ ಹೋದರು. 1847ರ ಡಿಸೆಂಬರ್ 3ರಂದು ಅಲ್ಲಿಂದ 'ನಾರ್ತ್ ಸ್ಟಾರ್' ಹೊರಟಿತು. ತಪ್ಪಿಸಿಕೊಂಡು ಬರುವ ಗುಲಾಮರಿಗೆ ರಾತ್ರಿ ದಾರಿ ತೋರಿಸುತ್ತಿದ್ದುದು ಉತ್ತರದ ಧ್ರುವನಕ್ಷತ್ರ. ಪತ್ರಿಕೆಗೂ ಅದೇ ಹೆಸರು.

ಸಣ್ಣ ಪತ್ರಿಕೆ ನಡೆಸಿದವರಿಗೆ ಮುಂದಿನ ಕಥೆಯನ್ನು ಹೇಳಬೇಕಾಗಿಲ್ಲ. ವಾರಕ್ಕೆ ಸುಮಾರು 80 ಡಾಲರ್ ಖರ್ಚು. ಬರಬೇಕಾದ ಚಂದಾ ಬರುತ್ತಿರಲಿಲ್ಲ, ಕೊಡಬೇಕಾದ ಕೂಲಿ ನಿಲ್ಲುತ್ತಿರಲಿಲ್ಲ. ಗಂಡುಮಕ್ಕಳು ಅಚ್ಚಿನ ಮೊಳೆ ಜೋಡಿಸಲು ಕಲಿತರು. ಮನೆ ಅಡಮಾನಕ್ಕೆ ಹೋಯಿತು.

ಲೆಕ್ಕ ಬಲ್ಲ ಹೆಂಗಸು

1849ರಲ್ಲಿ ಇಂಗ್ಲೆಂಡಿನಿಂದ ಜೂಲಿಯಾ ಗ್ರಿಫಿತ್ಸ್ ಎಂಬಾಕೆ ರಾಚೆಸ್ಟರಿಗೆ ಬಂದರು. ಬಂದವರೇ ಪತ್ರಿಕೆಯ ಲೆಕ್ಕದ ಪುಸ್ತಕ ಕೈಗೆತ್ತಿಕೊಂಡರು. ಮನೆಯ ಖರ್ಚನ್ನೂ ಪತ್ರಿಕೆಯ ಖರ್ಚನ್ನೂ ಬೇರ್ಪಡಿಸಿದರು. ಊರೂರಿಗೆ ಪತ್ರ ಬರೆದರು. ಅವರು ಬಂದ ಒಂದು ವರ್ಷದಲ್ಲಿ ಪ್ರತಿಗಳ ಸಂಖ್ಯೆ ಎರಡು ಸಾವಿರದಿಂದ ನಾಲ್ಕು ಸಾವಿರಕ್ಕೆ ಏರಿತು, ಸಾಲ ತೀರಿತು, ಮನೆ ಅಡಮಾನದಿಂದ ಬಿಡುಗಡೆಯಾಯಿತು ಎಂದು ಡಗ್ಲಸ್ ತಮ್ಮ ಕೊನೆಯ ಆತ್ಮಕಥೆಯಲ್ಲಿ ಬರೆದಿದ್ದಾರೆ.

1851ರಲ್ಲಿ ಆಕೆ ಊರಿನ ಕೆಲವು ಮಹಿಳೆಯರನ್ನು ಕೂಡಿಸಿ ಗುಲಾಮಗಿರಿ ವಿರೋಧಿ ಹೊಲಿಗೆ ಸಂಘ ಕಟ್ಟಿದರು. ಆ ಹೊತ್ತಿಗೆ 1850ರ ಕಾನೂನು ಜಾರಿಗೆ ಬಂದಿತ್ತು. ಓಡಿಬಂದವರನ್ನು ಉತ್ತರದ ರಾಜ್ಯಗಳಲ್ಲೂ ಹಿಡಿದು ಯಜಮಾನರಿಗೆ ಒಪ್ಪಿಸಬೇಕೆಂಬ ಕಾನೂನು ಅದು. ಹಾಗಾಗಿ ರಾಚೆಸ್ಟರಿಗೆ ಬಂದವರನ್ನು ಸರೋವರ ದಾಟಿಸಿ ಕೆನಡಾಕ್ಕೆ ಕಳುಹಿಸಬೇಕಿತ್ತು. ಅದಕ್ಕೂ ಹಣ ಬೇಕು, ಪತ್ರಿಕೆಗೂ ಹಣ ಬೇಕು. ಹೊಲಿಗೆಯ ವಸ್ತುಗಳ ಜೊತೆಗೆ ಮಾರಲು ಒಂದು ಪುಸ್ತಕವಿದ್ದರೆ ಚೆನ್ನ ಎಂದು ಗ್ರಿಫಿತ್ಸ್ ಯೋಚಿಸಿದರು.

ಅವರ ಉಪಾಯ ಸರಳವಾಗಿತ್ತು. ಹೆಸರಾಂತರಿಗೂ ಹೆಸರಿಲ್ಲದವರಿಗೂ ಪತ್ರ ಬರೆದು ಒಂದೊಂದು ಬರಹ ಕೇಳುವುದು. ಕಥೆ, ಕವಿತೆ, ಲೇಖನ, ಕಾಗದ ಯಾವುದಾದರೂ ಸರಿ. ಪ್ರತಿ ಬರಹದ ಕೆಳಗೆ ಬರೆದವರ ರುಜುವನ್ನು ಅವರ ಕೈಬರಹದಲ್ಲಿಯೇ ಅಚ್ಚು ಹಾಕಿಸುವುದು. ಪುಸ್ತಕದ ಹೆಸರೂ ಅದೇ: 'ಆಟೊಗ್ರಾಫ್ಸ್ ಫಾರ್ ಫ್ರೀಡಂ', ಸ್ವಾತಂತ್ರ್ಯಕ್ಕಾಗಿ ಹಸ್ತಾಕ್ಷರಗಳು. 1853ರಲ್ಲಿ ಮೊದಲ ಸಂಪುಟ ಬಂತು. ಪ್ರಕಾಶಕರು ಬಾಸ್ಟನ್ನಿನ ಜಾನ್ ಪಿ. ಜ್ಯುವೆಟ್, ಹಿಂದಿನ ವರ್ಷವಷ್ಟೇ 'ಅಂಕಲ್ ಟಾಮ್ಸ್ ಕ್ಯಾಬಿನ್' ಪ್ರಕಟಿಸಿದವರು. ಆ ಕಾದಂಬರಿಯ ಲೇಖಕಿ ಹ್ಯಾರಿಯೆಟ್ ಬೀಚರ್ ಸ್ಟೋವ್, ಸೆನೆಟರ್ ವಿಲಿಯಂ ಸೀವರ್ಡ್ ಮೊದಲಾದವರ ರುಜುಗಳು ಅದರಲ್ಲಿವೆ. ಕಪ್ಪು ವೈದ್ಯ ಜೇಮ್ಸ್ ಮೆಕ್ಯೂನ್ ಸ್ಮಿತ್, ಕಪ್ಪು ಕವಿ ಜೇಮ್ಸ್ ವಿಟ್‌ಫೀಲ್ಡ್ ಅವರ ರುಜುಗಳೂ ಅದೇ ಸಾಲಿನಲ್ಲಿವೆ. 1854ರ ಎರಡನೆಯ ಸಂಪುಟಕ್ಕೆ ಎಮರ್ಸನ್ ಬರೆದರು.

ರುಜು ಎಂಬುದು ಅಂದು ಅಲಂಕಾರದ ಮಾತಾಗಿರಲಿಲ್ಲ. ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮನಿಗೆ ಓದು ಬರಹ ಕಲಿಸುವುದೇ ಅಪರಾಧ. ಕಾನೂನಿನ ಕಣ್ಣಿನಲ್ಲಿ ಅವನು ಕರಾರು ಮಾಡಿಕೊಳ್ಳಲಾರ, ಬಿಳಿಯರ ವಿರುದ್ಧ ಸಾಕ್ಷಿ ಹೇಳಲಾರ. ಅಂಥ ದೇಶದಲ್ಲಿ ಸೆನೆಟರನ ರುಜುವಿದ್ದ ಪುಸ್ತಕದಲ್ಲೇ ಗುಲಾಮನಾಗಿದ್ದವನ ರುಜು ಅಚ್ಚಾಯಿತು. ಈ ಬಾರಿ ಯಾರ ಜಾಮೀನೂ ಇರಲಿಲ್ಲ.

ಹಡಗಿನ ಕಥೆ

ಆ ಸಂಪುಟದ ಅತಿ ದೀರ್ಘ ಬರಹ ಡಗ್ಲಸ್ ಅವರದು. 'ದಿ ಹೀರೋಯಿಕ್ ಸ್ಲೇವ್' ಎಂಬ ಈ ನೀಳ್ಗತೆ ಅವರು ಬರೆದ ಒಂದೇ ಒಂದು ಕಥೆ. ಕಪ್ಪು ಅಮೆರಿಕನ್ನರು ಇಂಗ್ಲಿಷಿನಲ್ಲಿ ಬರೆದ ಮೊದಲ ಕಥೆಗಳಲ್ಲಿ ಅದೂ ಒಂದು.

ಕಥೆಯ ಹಿಂದೆ ನಡೆದ ಘಟನೆಯಿದೆ. 1841ರಲ್ಲಿ 'ಕ್ರಿಯೋಲ್' ಎಂಬ ಹಾಯಿಹಡಗು ಸುಮಾರು 135 ಗುಲಾಮರನ್ನು ಹೊತ್ತು ವರ್ಜೀನಿಯಾದಿಂದ ನ್ಯೂ ಆರ್ಲಿಯನ್ಸಿನ ಸಂತೆಗೆ ಹೊರಟಿತ್ತು. ನವೆಂಬರ್ 7ರ ರಾತ್ರಿ ಮ್ಯಾಡಿಸನ್ ವಾಷಿಂಗ್ಟನ್ ಎಂಬಾತನ ಮುಂದಾಳತ್ವದಲ್ಲಿ ಹತ್ತೊಂಬತ್ತು ಜನ ತಿರುಗಿಬಿದ್ದರು. ಗುಲಾಮರ ವ್ಯಾಪಾರಿಯೊಬ್ಬ ಸತ್ತ. ಕಪ್ತಾನ ಮತ್ತು ನಾವಿಕರನ್ನು ಕೊಲ್ಲದೆ, ಅವರಿಂದಲೇ ಹಡಗನ್ನು ಬಹಾಮಾಸಿನ ನಸ್ಸಾವ್ ಬಂದರಿಗೆ ನಡೆಸಿಕೊಂಡು ಹೋದರು. ಅದು ಬ್ರಿಟಿಷರ ನೆಲ, ಅಲ್ಲಿ ಗುಲಾಮಗಿರಿ ಆಗಲೇ ರದ್ದಾಗಿತ್ತು. ಹಡಗಿನಲ್ಲಿದ್ದ ಬಹುತೇಕ ಎಲ್ಲರೂ ಬಿಡುಗಡೆ ಹೊಂದಿದರು. ಸೆರೆಯಲ್ಲಿಟ್ಟಿದ್ದ ಬಂಡಾಯಗಾರರನ್ನೂ 1842ರಲ್ಲಿ ಬಿಟ್ಟರು. ಪರಿಹಾರ ಕೂಡ ಸಿಕ್ಕಿತು, ಆದರೆ ಸಿಕ್ಕಿದ್ದು ಯಜಮಾನರಿಗೆ, 1855ರಲ್ಲಿ.

ಹಡಗಿನ ಅಧಿಕಾರಿಗಳ ಹೇಳಿಕೆಗಳು ದಾಖಲಾದವು. ಮ್ಯಾಡಿಸನ್ ಏನು ಹೇಳಿದ ಎಂಬುದನ್ನು ಅವನ ಬಾಯಿಂದ ಕೇಳಿ ಯಾರೂ ಬರೆದಿಡಲಿಲ್ಲ. ನಸ್ಸಾವ್ ನಂತರ ಅವನು ಇತಿಹಾಸದಿಂದ ಮರೆಯಾದ. ಇತಿಹಾಸ ಬಾಯಿ ಕಟ್ಟಿಕೊಂಡ ಆ ಜಾಗದಲ್ಲಿ ಡಗ್ಲಸ್ ಕಥೆಗಾರರಾದರು.

ಅವರ ಕಥೆಯಲ್ಲಿ ನಾಲ್ಕು ಭಾಗಗಳಿವೆ. ಕಾಡಿನಲ್ಲಿ ಒಬ್ಬನೇ ಮಾತಾಡಿಕೊಳ್ಳುವ ಮ್ಯಾಡಿಸನ್‌ನ ಮಾತನ್ನು ಲಿಸ್ಟ್‌ವೆಲ್ ಎಂಬ ಬಿಳಿಯ ದಾರಿಹೋಕ ಮರೆಯಲ್ಲಿ ನಿಂತು ಕೇಳುತ್ತಾನೆ. ಚೆನ್ನಾಗಿ ಕೇಳಿಸಿಕೊಳ್ಳುವವನು ಎಂಬರ್ಥ ಆ ಹೆಸರಿನಲ್ಲೇ ಇದೆ. ವರ್ಷಗಳ ನಂತರ ಮ್ಯಾಡಿಸನ್ ಅವನ ಮನೆಯಲ್ಲೇ ಆಶ್ರಯ ಪಡೆದು ಕೆನಡಾ ಸೇರುತ್ತಾನೆ. ಹೆಂಡತಿಯನ್ನು ಕರೆತರಲು ಹಿಂದಿರುಗಿ ಅವಳನ್ನು ಕಳೆದುಕೊಂಡು ಮತ್ತೆ ಸೆರೆಯಾಗುತ್ತಾನೆ. ಹಡಗು ಹತ್ತುವ ಮುನ್ನ ಲಿಸ್ಟ್‌ವೆಲ್ ಅವನ ಕೈಗೆ ಗುಟ್ಟಾಗಿ ಮೂರು ಅರಗಳನ್ನು ದಾಟಿಸುತ್ತಾನೆ. ಸಂಕೋಲೆ ಉಜ್ಜಿ ಕತ್ತರಿಸುವ ಅರ. ಈ ಕಥೆಯಲ್ಲಿ ದಾನ ಎಂದರೆ ಅದು. ಸಹಾಯ ಮಾಡುವವನು ಮೊದಲು ಕೇಳಿಸಿಕೊಳ್ಳುತ್ತಾನೆ, ಆಮೇಲೆ ಹತಾರ ಕೊಟ್ಟು ಪಕ್ಕಕ್ಕೆ ಸರಿಯುತ್ತಾನೆ. ಸಂಕೋಲೆ ಕಡಿಯುವವನು ಮ್ಯಾಡಿಸನ್ನೇ.

ಕೊನೆಯ ಭಾಗದಲ್ಲಿ ಡಗ್ಲಸ್ ಬಂಡಾಯವನ್ನು ನೇರವಾಗಿ ಹೇಳುವುದಿಲ್ಲ. ರಿಚ್ಮಂಡಿನ ಕಾಫಿ ಅಂಗಡಿಯೊಂದರಲ್ಲಿ ಸೋತ ಹಡಗಿನ ಬಿಳಿಯ ಅಧಿಕಾರಿಯೊಬ್ಬ ಹಂಗಿಸುವ ಗೆಳೆಯನಿಗೆ ಅದನ್ನು ವಿವರಿಸುತ್ತಾನೆ. ಅವನ ಮನಸ್ಸಿಗೆ ಒಪ್ಪದಿದ್ದರೂ ಅವನ ಬಾಯಿ ಮ್ಯಾಡಿಸನ್‌ನ ದೊಡ್ಡತನವನ್ನು ಹೇಳುತ್ತದೆ. ಹಿಂದೆ ಇವರ ಮಾತಿಗೆ ಬಿಳಿಯರ ಜಾಮೀನು ಬೇಕಿತ್ತು. ಈಗ ತಾವು ಕಟ್ಟಿದ ಕಥೆಯೊಳಗೆ ಬಿಳಿಯನಿಂದ ಸಾಕ್ಷಿ ಹೇಳಿಸಿದವರು ಡಗ್ಲಸ್. ಸಹಾಯನಿಧಿಯ ಪುಸ್ತಕಕ್ಕೆಂದು ಬರೆದ ಕಥೆ ಸಪ್ಪೆಯಾಗಲೇಬೇಕು ಎಂಬ ಆರೋಪಕ್ಕೆ ಇದಕ್ಕಿಂತ ಉತ್ತರ ಬೇಡ.

ಕೊಟ್ಟವರು, ಪಡೆದವರು

ಪುಸ್ತಕ ಕಟ್ಟಿದಾಕೆಗೆ ಸಿಕ್ಕಿದ್ದೇನು? ಡಗ್ಲಸ್ ಜೊತೆ ನಡೆದು ಹೋಗುತ್ತಿದ್ದಾಗ 1850ರಲ್ಲಿ ನ್ಯೂಯಾರ್ಕಿನಲ್ಲಿ ಪುಂಡರು ಅವರ ಮೇಲೆ ಬಿದ್ದರು. 1853ರಲ್ಲಿ ಗುಲಾಮಗಿರಿ ವಿರೋಧಿ ಪತ್ರಿಕೆಯಾದ 'ಲಿಬರೇಟರ್' ತಾನೇ ಆಕೆಯ ಹೆಸರನ್ನು ಡಗ್ಲಸ್ ಸಂಸಾರದ ನೆಮ್ಮದಿಯೊಂದಿಗೆ ತಳಕು ಹಾಕಿ ಬರೆಯಿತು. ಸಿದ್ಧಾಂತದ ಜಗಳದಲ್ಲಿ ಹೆಣ್ಣಿನ ಮಾನವನ್ನು ಎಳೆದು ತರುವುದು ಇಂದು ನಿನ್ನೆಯದಲ್ಲ. 1855ರಲ್ಲಿ ಆಕೆ ಇಂಗ್ಲೆಂಡಿಗೆ ಮರಳಿದರು. ಅಲ್ಲಿಂದಲೂ ಊರೂರು ಸುತ್ತಿ ಸಂಘಗಳನ್ನು ಕಟ್ಟಿ ರಾಚೆಸ್ಟರಿಗೆ ಹಣ ಕಳುಹಿಸಿದರು. ಅದೇ ವರ್ಷ ಡಗ್ಲಸ್ ಅವರ ಎರಡನೆಯ ಆತ್ಮಕಥೆ ಬಂದಾಗ ಅದರ ಪ್ರಸ್ತಾವನೆ ಬರೆದವರು ಕಪ್ಪು ವೈದ್ಯ ಮೆಕ್ಯೂನ್ ಸ್ಮಿತ್.

1872ರಲ್ಲಿ ರಾಚೆಸ್ಟರಿನ ಮನೆಗೆ ಬೆಂಕಿ ಬಿದ್ದು ಡಗ್ಲಸ್ ಕಾಪಿಟ್ಟಿದ್ದ ಪತ್ರಿಕೆಯ ಸಂಪುಟಗಳು ಸುಟ್ಟುಹೋದವು. ಉಡುಗೊರೆಯಾಗಿ ಮನೆಮನೆ ಸೇರಿದ್ದ ಪುಸ್ತಕಗಳು ಉಳಿದವು. ಮರುವರ್ಷ ನಮ್ಮ ನೆರೆಯ ಮರಾಠಿಯಲ್ಲಿ ಜೋತಿರಾವ್ ಫುಲೆ ತಮ್ಮ 'ಗುಲಾಮಗಿರಿ'ಯನ್ನು, ನೀಗ್ರೋ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಸಮುದ್ರದಾಚೆಯ ಆ ಚಳವಳಿಯ ಸುದ್ದಿ ಪುಣೆಯವರೆಗೂ ಬಂದಿತ್ತು.

ಈ ಪರಂಪರೆ ಅಲ್ಲಿಗೆ ನಿಲ್ಲಲಿಲ್ಲ. 2004ರಲ್ಲಿ ದಕ್ಷಿಣ ಆಫ್ರಿಕಾದ ನಡೀನ್ ಗಾರ್ಡಿಮರ್ 'ಟೆಲ್ಲಿಂಗ್ ಟೇಲ್ಸ್' ಎಂಬ ಸಂಕಲನ ಹೊರತಂದರು. ಮಾರ್ಕ್ವೆಜ್, ಅಚಿಬೆ, ರಶ್ದಿ ಸೇರಿ ಇಪ್ಪತ್ತೊಂದು ಜನ ತಮಗೆ ಪ್ರಿಯವಾದ ಕಥೆಗಳನ್ನೇ ಆರಿಸಿ, ಗೌರವಧನವಿಲ್ಲದೆ ಕೊಟ್ಟರು. ಹಣ ಹೋದದ್ದು ದಕ್ಷಿಣ ಆಫ್ರಿಕಾದ ಏಡ್ಸ್ ಪೀಡಿತರಿಗೆ. ಆ ಕಥೆಗಳ ವಸ್ತು ಏಡ್ಸ್ ಅಲ್ಲ. ಕರುಣೆ ಬೇಡದೆ ಒಳ್ಳೆಯ ಕಥೆಯನ್ನಷ್ಟೇ ಮಾರಿದ ಪುಸ್ತಕ ಅದು. ಇದೂ ಗೌರವದ ದಾರಿಯೇ. ಆದರೆ ಅಲ್ಲಿದ್ದದ್ದು ಜಗತ್ತು ಬಲ್ಲ ಲೇಖಕರ ರುಜುಗಳು. ರಾಚೆಸ್ಟರಿನ ಪುಸ್ತಕ ಅದಕ್ಕಿಂತ ಒಂದು ಹೆಜ್ಜೆ ಮುಂದಿತ್ತು ಎಂದೇ ನಮಗೆ ತೋರುತ್ತದೆ.

ಕನ್ನಡದಲ್ಲೂ ಸ್ವಂತ ಪ್ರಕಾಶನದ ಬೆಲೆ ತಿಳಿದವರಿದ್ದಾರೆ. ಸಾರಾ ಅಬೂಬಕ್ಕರ್ 1994ರಲ್ಲಿ ತಮ್ಮದೇ ಚಂದ್ರಗಿರಿ ಪ್ರಕಾಶನ ಆರಂಭಿಸಿದರು. ತನ್ನ ಮಾತನ್ನು ತಾನೇ ಅಚ್ಚು ಹಾಕಿಸಿಕೊಳ್ಳುವ ಹಕ್ಕು ಎಷ್ಟು ದೊಡ್ಡದೆಂದು ಬಲ್ಲವರು ಮಾಡುವ ಕೆಲಸ ಅದು. ನಮ್ಮಲ್ಲಿ ನೆರೆ ಬಂದಾಗ, ಗಲಭೆಯಲ್ಲಿ ಬೀದಿಗಳು ಉರಿದಾಗ, ನಾವು ಕಥೆ ಬರೆಯುವವರೂ ಏನಾದರೂ ಕೊಡಬೇಕೆಂದು ಹೊರಡುತ್ತೇವೆ. ಪುಸ್ತಕ ಮಾಡೋಣ, ಮಾರೋಣ, ಲೆಕ್ಕವನ್ನು ಜೂಲಿಯಾ ಗ್ರಿಫಿತ್ಸ್ ಇಟ್ಟಂತೆ ಚೊಕ್ಕವಾಗಿ ಇಡೋಣ. ಜೊತೆಗೆ ಪುಸ್ತಕದ ಪುಟಗಳಲ್ಲಿ ಕೆಲವನ್ನು ಮನೆ ಕಳೆದುಕೊಂಡವರಿಗೇ ಬಿಟ್ಟುಕೊಡೋಣ. ಅವರು ಬರೆಯಲಿ. ಬರೆಯಲು ಬಾರದವರು ಹೇಳಲಿ, ನಾವು ಕೇಳಿ ಬರೆದುಕೊಳ್ಳೋಣ. ಕೆಳಗಿನ ರುಜು ಮಾತ್ರ ಅವರದೇ ಆಗಿರಲಿ.